ಜಿಎನ್‌ಎಂ ಆದ ಮೇಲೆ ಬಿಎಸ್ಸಿ: ಇಗ್ನೋ ಸೇರೋದಾ, ಕಾಲೇಜಿಗೆ ಹೋಗೋದಾ?

ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಮುಗಿಸಿ ಡ್ಯೂಟಿ ಮಾಡುತ್ತಿರುವ ನರ್ಸ್‌ಗಳಿಗೆ ಪದವಿ ಪಡೆಯಲು ಎರಡು ದಾರಿಗಳಿವೆ. ಒಂದು, ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದ ಕಾಲೇಜುಗಳಲ್ಲಿ 2 ವರ್ಷದ ಪೋಸ್ಟ್ ಬೇಸಿಕ್ ಬಿಎಸ್ಸಿ, ಅಂದರೆ ಡಿಪ್ಲೊಮಾ ಆದವರಿಗಾಗಿ ಇರುವ ನರ್ಸಿಂಗ್ ಪದವಿ. ಇನ್ನೊಂದು, ಇಗ್ನೋದ (ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದ) ದೂರಶಿಕ್ಷಣ, ಕನಿಷ್ಠ 3 ವರ್ಷ. ನಾನು ಇಗ್ನೋದಲ್ಲಿ ಮೊದಲ ವರ್ಷ ಓದಿದೆ. ಆಮೇಲೆ ಕೆಲಸ ಬಿಟ್ಟು ಕಾಲೇಜು ಸೇರಿ, ಮೊದಲಿಂದ ಶುರು ಮಾಡಿ ಮುಗಿಸಿದೆ.

ಇಗ್ನೋಗೆ ಪ್ರವೇಶ ಪರೀಕ್ಷೆ ಬರೆಯಬೇಕು, ಕೆಲಸದಲ್ಲಿ ಇರಲೇಬೇಕು. ಪಿಯುಸಿ ಆಗಿ ಜಿಎನ್‌ಎಂ ಮಾಡಿದವರಿಗೆ 2 ವರ್ಷದ ಅನುಭವ ಕೇಳುತ್ತಾರೆ. ಸಂಬಳ ನಿಲ್ಲುವುದಿಲ್ಲ ಅನ್ನೋದೇ ದೊಡ್ಡ ಧೈರ್ಯ. ಊರಿಗೆ ದುಡ್ಡು ಕಳಿಸುವವರಿಗೆ ಇದು ಸಣ್ಣ ಮಾತಲ್ಲ. ಆದರೆ ದೂರಶಿಕ್ಷಣ ಅಂದಮಾತ್ರಕ್ಕೆ ಮನೆಯಲ್ಲೇ ಕೂತು ಮುಗಿಸಬಹುದು ಅಂದುಕೊಳ್ಳಬೇಡಿ. ಪ್ರಾಕ್ಟಿಕಲ್‌ಗೆ ಸ್ಟಡಿ ಸೆಂಟರ್‌ಗೆ ಹೋಗಲೇಬೇಕು. ನನಗೆ ಕಷ್ಟವಾದದ್ದು ಅಲ್ಲೇ. ನಾನಿದ್ದ ಆಸ್ಪತ್ರೆಯಲ್ಲಿ ಸ್ಟಾಫ್ ಕಡಿಮೆ, ರಜೆ ಸಿಗುತ್ತಿರಲಿಲ್ಲ. ನೈಟ್ ಡ್ಯೂಟಿ ಮುಗಿಸಿ, ಹ್ಯಾಂಡೋವರ್ ಕೊಟ್ಟು, ಹಾಗೇ ಬಸ್ ಹತ್ತಿ ಕ್ಲಾಸಿಗೆ ಹೋದರೆ ತಲೆಗೆ ಏನು ಹತ್ತುತ್ತೆ?

ಕಾಲೇಜಿನಲ್ಲಿ ಖರ್ಚು ಜಾಸ್ತಿ. ಫೀಸು ಒಂದು ಕಡೆ, ಇಲ್ಲದ ಸಂಬಳ ಇನ್ನೊಂದು ಕಡೆ. ಪರೀಕ್ಷೆಗೆ ಕೂರಲು 80% ಹಾಜರಿ ಬೇಕು. ಆದರೂ ನಾನು ನಿಜವಾಗಿ ಕಲಿತದ್ದು ಅಲ್ಲಿ. ಒಂದು ಉದಾಹರಣೆ ಹೇಳುತ್ತೇನೆ. ಎದ್ದೇಳಲಾಗದ ರೋಗಿಯನ್ನು 2 ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು ನನಗೆ ಮೊದಲಿಂದಲೂ ರೂಢಿ. ಯಾರಿಗೆ ಬೆಡ್‌ಸೋರ್ (ಮಲಗಿದಲ್ಲೇ ಮಲಗಿ ಆಗುವ ಹುಣ್ಣು) ಬರುವ ಅಪಾಯ ಹೆಚ್ಚು ಅಂತ ಅಳೆದು ನೋಡುವುದು ಗೊತ್ತಿರಲಿಲ್ಲ. ಪ್ರಾಜೆಕ್ಟ್‌ಗಾಗಿ ಆ ಅಪಾಯ ಅಳೆಯುವ ಬ್ರೇಡನ್ ಸ್ಕೇಲ್ ಹಿಡಿದು ಕೂತಾಗ ಗೊತ್ತಾಯಿತು. ಸ್ಪರ್ಶಜ್ಞಾನ, ತೇವ, ಓಡಾಟ, ಮೈ ಅಲುಗಾಡಿಸುವ ಶಕ್ತಿ, ಊಟ, ಚರ್ಮದ ಉಜ್ಜಾಟ, ಹೀಗೆ 6 ವಿಷಯಕ್ಕೆ ಅಂಕ. ಒಟ್ಟು 18 ಅಥವಾ ಅದಕ್ಕಿಂತ ಕಡಿಮೆ ಬಂದರೆ ಎಚ್ಚರ. ಮೇಡಂ ಪಕ್ಕದಲ್ಲೇ ನಿಂತು "ಈ ಅಂಕ ಯಾಕೆ ಕೊಟ್ಟೆ?" ಅಂತ ಕೇಳುತ್ತಿದ್ದರು. ಸಂಶೋಧನೆ, ಸ್ಟ್ಯಾಟಿಸ್ಟಿಕ್ಸ್ ಅಂದರೆ ಹೆದರುತ್ತಿದ್ದವಳಿಗೆ ಅದು ವಾರ್ಡಿನ ಕೆಲಸಕ್ಕೇ ಬೇಕು ಅನ್ನಿಸಿದ್ದು ಆಗ.

ಎಂಎಸ್ಸಿಗೆ ಎರಡೂ ಪದವಿ ನಡೆಯುತ್ತವೆ, 55% ಅಂಕ ಇದ್ದರಾಯಿತು. ಪೋಸ್ಟ್ ಬೇಸಿಕ್‌ಗೆ ಮುಂಚೆ ಮಾಡಿದ ಒಂದು ವರ್ಷದ ಕೆಲಸವೂ ಅನುಭವದ ಲೆಕ್ಕಕ್ಕೆ ಬರುತ್ತದೆ.

ಪಾಠ ಹೇಳುವ ಆಸೆ ಇದ್ದರೆ, 2 ವರ್ಷ ಮನೆ ನಡೆಸುವಷ್ಟು ಉಳಿತಾಯ ಇದ್ದರೆ, ಕಾಲೇಜಿಗೇ ಹೋಗಿ. ಸಾಲದ ಕಂತು, ಚಿಕ್ಕ ಮಕ್ಕಳು ಇದ್ದರೆ ಇಗ್ನೋ ಒಳ್ಳೆಯದು. ಆದರೆ ಫಾರ್ಮ್ ತುಂಬುವ ಮೊದಲೇ ನರ್ಸಿಂಗ್ ಸೂಪರಿಂಟೆಂಡೆಂಟ್ ಹತ್ತಿರ ರಜೆಯ ಮಾತು ಮುಗಿಸಿಕೊಳ್ಳಿ, ಸಾಧ್ಯವಾದರೆ ಬರಹದಲ್ಲಿ ತೆಗೆದುಕೊಳ್ಳಿ.

"ನೀವು ಬರೋದೇ ಬೇಡ ಸಿಸ್ಟರ್, ಹಾಜರಿ ನಾವು ನೋಡ್ಕೋತೀವಿ" ಅನ್ನುವವರೂ ಸಿಗುತ್ತಾರೆ. ನನಗೂ ಸಿಕ್ಕಿದ್ದರು. ಅವರಿಗೆ ಒಂದು ರೂಪಾಯಿಯನ್ನೂ ಕಟ್ಟಬೇಡಿ.