ಮೂಟೆ ಟ್ರಾಲಿಯ ಗಾಲಿಗೆ ಯಾವ ಲಾಕ್ ಒಳ್ಳೆಯದು? ಪುಶ್ ಕ್ಯಾಪ್, ಸ್ಪ್ಲಿಟ್ ಪಿನ್, ಕಾಲರ್, ಸರ್ಕ್ಲಿಪ್: ಒಂದು ವಿಮರ್ಶೆ

ಮೂಟೆ ಸಾಗಿಸುವ ಟ್ರಾಲಿಯ ಗಾಲಿ ನಡುದಾರಿಯಲ್ಲಿ ಕಳಚಿಕೊಂಡರೆ ಎಲ್ಲರೂ ಬೈಯುವುದು ಗಾಲಿಯನ್ನೇ. ನಿಜಕ್ಕೂ ಕೈಕೊಟ್ಟಿರುವುದು ಆಕ್ಸಲ್ ತುದಿಯಲ್ಲಿ ಕೂತಿದ್ದ ಪುಟ್ಟ ಲಾಕ್. ಎತ್ತಿನಗಾಡಿಯಲ್ಲಿ ಕಡಾಣಿ ಮಾಡುತ್ತಿದ್ದ ಕೆಲಸವೇ ಇದರದ್ದೂ. ಅಂಗಡಿಯಲ್ಲಿ ‘ಟ್ರಾಲಿ ಗಾಲಿಗೆ ಲಾಕ್ ಕೊಡಿ’ ಎಂದು ಕೇಳಿದರೆ ನಾಲ್ಕು ಬಗೆಯಲ್ಲಿ ಯಾವುದಾದರೂ ಒಂದು ಕೈಗೆ ಬರುತ್ತದೆ. ದಿನವೂ ನಾಲ್ಕು ಮೂಟೆ, ಅಂದರೆ ಸುಮಾರು 200 ಕಿಲೋ ಹೊರುವ ಟ್ರಾಲಿಗೆ ಸ್ಪ್ಲಿಟ್ ಪಿನ್ ಮತ್ತು ದಪ್ಪ ವಾಷರ್ ಬಿಟ್ಟು ಬೇರೇನನ್ನೂ ಹಾಕಬೇಡಿ. ಮಿಕ್ಕ ಮೂರೂ ಕೆಟ್ಟವಲ್ಲ, ಆದರೆ ಅವು ನಿಲ್ಲುವ ಜಾಗ ಬೇರೆ.

ಅಂಗಡಿಗೆ ಹೋಗುವ ಮೊದಲು ಆಕ್ಸಲ್ ಅಳೆದುಕೊಳ್ಳಿ. ಇಲ್ಲಿ ತಯಾರಾದ ಟ್ರಾಲಿಗಳಲ್ಲಿ 16 ಅಥವಾ 20 ಎಂಎಂ ಸಾಮಾನ್ಯ. ಅಮೆರಿಕದ ಅಳತೆಯ ಟ್ರಾಲಿಯಾದರೆ 5/8 ಇಂಚು, ಅಂದರೆ 15.88 ಎಂಎಂ ಇರುವುದೇ ಹೆಚ್ಚು. ವರ್ನಿಯರ್ ಇಲ್ಲದವರು ಕಾಗದದ ಪಟ್ಟಿ ಸುತ್ತಿ ಸುತ್ತಳತೆ ನೋಡಬಹುದು: 50 ಎಂಎಂ ಬಂದರೆ 16ರ ಆಕ್ಸಲ್, 63 ಬಂದರೆ 20ರದು. ಆದರೆ 16ಕ್ಕೂ 5/8 ಇಂಚಿಗೂ ಇರುವ ವ್ಯತ್ಯಾಸ ಕಾಗದಕ್ಕೆ ಸಿಗುವುದಿಲ್ಲ. ಸ್ಪ್ಲಿಟ್ ಪಿನ್‌ಗೆ ಆ ಕೂದಲೆಳೆಯ ವ್ಯತ್ಯಾಸ ಲೆಕ್ಕಕ್ಕಿಲ್ಲ. ಪುಶ್ ಕ್ಯಾಪ್‌ಗೆ ಅದೇ ಮುಳುವು.

ಪುಶ್ ಕ್ಯಾಪ್ ಎಂದರೆ ಒಳಗಡೆ ಹಲ್ಲುಗಳಿರುವ ಸ್ಪ್ರಿಂಗ್ ಸ್ಟೀಲ್‌ನ ಟೋಪಿ. ಆಕ್ಸಲ್‌ಗೆ ತೂತು ಬೇಡ, ಗಾಡಿ (ಸುತ್ತಲೂ ಕೊರೆದ ಸಣ್ಣ ಕಾಲುವೆ) ಬೇಡ, ಸುತ್ತಿಗೆಯಲ್ಲಿ ಬಡಿದರೆ ಕೂತುಬಿಡುತ್ತದೆ. ತಯಾರಕರಿಗೆ ಇದು ಅಚ್ಚುಮೆಚ್ಚು, ಏಕೆಂದರೆ ಕೆಲಸ ಬೇಗ ಮುಗಿಯುತ್ತದೆ. ಹಲ್ಲುಗಳು ಒಳಮುಖವಾಗಿ ಸುಲಭವಾಗಿ ಜಾರುತ್ತವೆ, ಹೊರಗೆ ಎಳೆದರೆ ಆಕ್ಸಲ್‌ಗೆ ಕಚ್ಚುತ್ತವೆ. ನೇರ ದಾರಿಯಲ್ಲಿ ಇಷ್ಟು ಹಿಡಿತ ಸಾಕು. ತೊಂದರೆ ಬರುವುದು ತಿರುವಿನಲ್ಲಿ. ತುಂಬಿದ ಟ್ರಾಲಿಯನ್ನು ಒಂದೇ ಗಾಲಿಯ ಮೇಲೆ ತಿರುಗಿಸಿದಾಗ, ಓರೆಯಾಗಿ ಮೆಟ್ಟಿಲು ಇಳಿಸಿದಾಗ, ಗಾಲಿಯ ಹಬ್, ಅಂದರೆ ನಡುಭಾಗ, ಕ್ಯಾಪನ್ನು ಪಕ್ಕಕ್ಕೆ ನೂಕುತ್ತದೆ. ಪ್ರತಿ ನೂಕಿಗೂ ಹಲ್ಲು ಒಂದಿಷ್ಟು ಏಳುತ್ತದೆ, ಆಕ್ಸಲ್ ಮೇಲೆ ಗೀರು ಬೀಳುತ್ತದೆ, ಆ ಗೀರೇ ಮುಂದಿನ ಜಾರುವಿಕೆಗೆ ದಾರಿ. ಕ್ಯಾಪ್ ಮತ್ತು ಹಬ್ ನಡುವೆ ವಾಷರ್ ಇಲ್ಲದಿದ್ದರೆ ಗಾಲಿಯ ಜೊತೆ ಕ್ಯಾಪೂ ತಿರುಗಿ ಹಲ್ಲು ಇನ್ನೂ ಬೇಗ ಸವೆಯುತ್ತದೆ.

ಹಾಕುವುದಿದ್ದರೆ ಕ್ಯಾಪ್ ತಲೆಯ ಮೇಲೆ ನೇರ ಬಡಿಯಬೇಡಿ, ಅದು ಚಪ್ಪಟೆಯಾಗಿ ಹಲ್ಲು ಅಗಲಿಸಿಕೊಳ್ಳುತ್ತದೆ. ಕ್ಯಾಪ್‌ನ ಅಂಚಿನ ಮೇಲೆ ಕೂರುವ ಪೈಪ್ ತುಂಡು ಇಲ್ಲವೇ ಉದ್ದ ಸಾಕೆಟ್ ಇಟ್ಟು ಅದರ ಮೇಲೆ ಬಡಿಯಿರಿ. ಆಕ್ಸಲ್‌ನ ಇನ್ನೊಂದು ತುದಿ ಕಲ್ಲಿಗೋ ಕಬ್ಬಿಣದ ದಿಮ್ಮಿಗೋ ಒತ್ತಿ ನಿಂತಿರಲಿ. ಇಲ್ಲವಾದರೆ ಈ ಕಡೆ ಬಡಿದ ಏಟಿಗೆ ಆ ಕಡೆಯ ಕ್ಯಾಪ್ ಹಾರುತ್ತದೆ. ಹಳೆಯದನ್ನು ತೆಗೆಯಲು ಎರಡು ಸ್ಕ್ರೂಡ್ರೈವರ್‌ಗಳನ್ನು ಎದುರುಬದುರು ಇಟ್ಟು ಮೀಟಬೇಕು, ಬಗ್ಗದಿದ್ದರೆ ಚಾಣದಿಂದ ಸೀಳಬೇಕು. ಒಮ್ಮೆ ತೆಗೆದ ಕ್ಯಾಪ್ ಗುಜರಿಗೆ. ಮನೆಯಲ್ಲಿ 20 ಲೀಟರ್ ನೀರಿನ ಕ್ಯಾನ್ ಎಳೆಯುವ ಹಗುರ ಟ್ರಾಲಿಗೆ ಇದು ನಡೆಯುತ್ತದೆ. ಮಂಡಿಗೆ, ಗೋದಾಮಿಗೆ ಬೇಡ.

ಇನ್ನು ಸ್ಪ್ಲಿಟ್ ಪಿನ್: ಆಕ್ಸಲ್‌ನ ತೂತಿನಲ್ಲಿ ತೂರಿಸಿ ಎರಡು ಕಾಲುಗಳನ್ನು ಬಗ್ಗಿಸುವ ಪಿನ್. ಭಾರತೀಯ ಮಾನಕ ಐಎಸ್ 549 ಇದರದ್ದೇ. ಇಲ್ಲಿ ಹೆಚ್ಚಿನವರು ಎಡವುವುದು ಅಳತೆಯಲ್ಲಿ: ‘4 ಎಂಎಂ ಪಿನ್’ ಎಂದರೆ 4 ಎಂಎಂ ತೂತಿಗೆ ಹಾಕುವ ಪಿನ್. ಪಿನ್ ಅನ್ನೇ ಅಳೆದರೆ 3.5ರಿಂದ 3.7 ಮಾತ್ರ ಸಿಗುತ್ತದೆ. ಅಂಗಡಿಯವರು ಮೋಸ ಮಾಡಿದರೆಂದು ಜಗಳಕ್ಕೆ ಇಳಿಯಬೇಡಿ. 16ರ ಆಕ್ಸಲ್‌ಗೆ 4×32 (ತೂತು 4, ಉದ್ದ 32 ಎಂಎಂ), 20ರ ಆಕ್ಸಲ್‌ಗೆ 5×40 ತೆಗೆದುಕೊಳ್ಳಿ. ಒಂದು ಟ್ರಾಲಿಗೆ ಎರಡು ಪಿನ್ ಸಾಕು, ಆದರೂ ಹತ್ತು ತೆಗೆದಿಡಿ. ಇದು ಒಂದು ಸಲದ ಬಳಕೆಯ ಸರಕು. ಬಗ್ಗಿಸಿದ್ದನ್ನು ನೇರ ಮಾಡಿ ಮತ್ತೆ ಬಗ್ಗಿಸಿದರೆ ಮಡಿಕೆಯಲ್ಲಿ ಕಬ್ಬಿಣ ಗಡಸಾಗಿ ಬಿರುಕು ಬಿಡುತ್ತದೆ. ವಾಷರ್ ಎಂ16 ಆದರೆ ಒಳ ತೂತು 17, ಹೊರ ಅಳತೆ 30, ದಪ್ಪ 3 ಎಂಎಂ ಇರಲಿ. ತಗಡಿನಂಥ ತೆಳು ವಾಷರ್ ಪಿನ್ ಮೇಲೆ ಬಟ್ಟಲಿನಂತೆ ಬಗ್ಗುತ್ತದೆ.

ಜೋಡಿಸುವಾಗ ಗಾಲಿಯ ಎರಡೂ ಪಕ್ಕ ವಾಷರ್, ಆಮೇಲೆ ಪಿನ್. ಗಾಲಿ ಪಕ್ಕಕ್ಕೆ 1ರಿಂದ 2 ಎಂಎಂ ಆಡಬೇಕು. ಅದಕ್ಕಿಂತ ಜಾಸ್ತಿ ಆಡಿದರೆ ಪ್ರತಿ ತಿರುವಿನಲ್ಲೂ ಹಬ್ ಬಂದು ಪಿನ್‌ಗೆ ಗುದ್ದುತ್ತದೆ, ಇನ್ನೊಂದು ವಾಷರ್ ಸೇರಿಸಿ. ಬೇರಿಂಗ್ ಇರುವ ಗಾಲಿಯಾದರೆ ಅಗಲ ವಾಷರ್ ಬೇರಿಂಗ್‌ನ ಹೊರ ರಿಂಗ್‌ಗೆ ಉಜ್ಜಬಾರದು. ಮೊದಲು ಒಳ ರಿಂಗ್‌ಗೆ ಮಾತ್ರ ತಾಕುವ ಚಿಕ್ಕ ವಾಷರ್ ಹಾಕಿ. ಪಿನ್‌ನ ಕಾಲುಗಳನ್ನು ಆಕ್ಸಲ್ ಸುತ್ತ ಒತ್ತಿ ಬಗ್ಗಿಸಿ, ಉಳಿದ ತುದಿಯನ್ನು ಕಟಿಂಗ್ ಪ್ಲೇಯರ್‌ನಿಂದ ಕತ್ತರಿಸಿ. ಚಾಚಿಕೊಂಡ ಕಾಲಿಗೆ ಗೋಣಿಯ ದಾರ ಸಿಕ್ಕಿಕೊಂಡರೆ ಚೀಲ ಹರಿಯುತ್ತದೆ, ಪಿನ್ ಸಡಿಲವಾಗುತ್ತದೆ, ಕೆಲವೊಮ್ಮೆ ತಳ್ಳುವವರ ಕಾಲೂ ಗೀರುತ್ತದೆ.

ಪಿನ್ ಜಾಗದಲ್ಲಿ ಮೊಳೆ, ಬೈಂಡಿಂಗ್ ವೈರ್ ಹಾಕಿದ ಟ್ರಾಲಿಗಳು ಬೇಕಾದಷ್ಟು ಸಿಗುತ್ತವೆ. ಸಡಿಲವಾದ ಮೊಳೆ ಅಲ್ಲಾಡುತ್ತಾ ತೂತನ್ನೇ ಅಂಡಾಕಾರ ಮಾಡುತ್ತದೆ. ಆಮೇಲೆ ಸರಿಯಾದ ಪಿನ್ ತಂದರೂ ನಿಲ್ಲುವುದಿಲ್ಲ. 16ರ ಆಕ್ಸಲ್‌ನಲ್ಲಿ 4ರ ತೂತು ಹಾಳಾದರೆ 5ಕ್ಕೆ ಹಿಗ್ಗಿಸಿ 5ರ ಪಿನ್ ಹಾಕಬಹುದು. ಅದಕ್ಕೂ ಮೀರಿದರೆ ತೂತು ದೊಡ್ಡದು ಮಾಡಬೇಡಿ, ಆಕ್ಸಲ್ ಬದಲಿಸಿ.

ತೂತೇ ಇಲ್ಲದ ಆಕ್ಸಲ್‌ನಲ್ಲಿ ಕೊರೆಯಲೂಬಹುದು. ಗಾಲಿಯಾಚೆ ಕನಿಷ್ಠ 12 ಎಂಎಂ ಆಕ್ಸಲ್ ಉಳಿದಿರಬೇಕು: ವಾಷರ್‌ಗೆ 3, ಆಟಕ್ಕೆ 1, ತೂತಿಗೆ 4, ತೂತಿನಾಚೆ ಕಬ್ಬಿಣ 4. ಸೆಂಟರ್ ಪಂಚ್‌ನಿಂದ ಗುಳಿ ಮಾಡಿ, 2.5ರ ಬಿಟ್‌ನಿಂದ ಶುರು ಮಾಡಿ 4ಕ್ಕೆ ಹೋಗಿ, ನಡುನಡುವೆ ಎಣ್ಣೆ ಹನಿಸಿ. ಪಂಚ್ ಇಲ್ಲದೆ ದುಂಡು ಕಂಬಿಯ ಮೇಲೆ ಬಿಟ್ ಇಟ್ಟರೆ ಅದು ಜಾರಿ ಓರೆ ತೂತು ಬೀಳುವುದು ಖಂಡಿತ. ಕೊನೆಗೆ ತೂತಿನ ಎರಡೂ ಬಾಯಿಯನ್ನು ಅರದಿಂದ ಉಜ್ಜಿ, ಇಲ್ಲವಾದರೆ ಮುಂದೆ ಗಾಲಿ ಹೊರತೆಗೆಯುವಾಗ ಅದರ ಬುಷ್ (ನಡುವಿನ ತೂತಿನ ಒಳಕೊಳವೆ) ಗೀರುತ್ತದೆ. ಇಷ್ಟೆಲ್ಲ ಸೇರಿದರೂ ಅರ್ಧ ಗಂಟೆಯ ಕೆಲಸ.

ಕಾಲರ್ ಎಂದರೆ ಆಕ್ಸಲ್‌ಗೆ ತೊಡಿಸಿ ಗ್ರಬ್ ಸ್ಕ್ರೂನಿಂದ (ತಲೆಯಿಲ್ಲದ ಸ್ಕ್ರೂ) ಬಿಗಿಸುವ ಬಳೆ, ನೋಡಲು ಗಟ್ಟಿಮುಟ್ಟು. 16ರ ಕಾಲರ್ 28 ಎಂಎಂ ಹೊರ ಅಳತೆ, 12 ಎಂಎಂ ಅಗಲ, ಎಂ6 ಗ್ರಬ್ ಸ್ಕ್ರೂ, 3ರ ಅಲೆನ್ ಕೀ. ಆಕ್ಸಲ್ ಅಷ್ಟು ಹೊರಚಾಚಿರಬೇಕು ಎಂಬುದೇ ಮೊದಲ ತಕರಾರು. ಎರಡನೆಯದು ದೊಡ್ಡದು: ನಯವಾದ ಕಂಬಿಯ ಮೇಲೆ ಗ್ರಬ್ ಸ್ಕ್ರೂ ಅದುರಿಗೆ ಸಡಿಲವಾಗುತ್ತದೆ. ಸ್ಕ್ರೂ ಕೂರುವಲ್ಲಿ ಬಿಟ್‌ನಿಂದ ಒಂದು ಗುಳಿ ಕೊರೆದು, ಸ್ಕ್ರೂನ ಸುರುಳಿ ಮರೆಗೆ ಲಾಕ್‌ಟೈಟ್ 243 ಎಂಬ, ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಅಂಟು ಹಚ್ಚಿದರೆ ನಿಲ್ಲುತ್ತದೆ. ಕೊರೆಯುವ ಡ್ರಿಲ್ ಕೈಯಲ್ಲಿರುವಾಗ ಪಿನ್‌ಗೇ ತೂತು ಹಾಕುವುದು ಲೇಸಲ್ಲವೇ?

ಸರ್ಕ್ಲಿಪ್, ಅಂದರೆ ಆಕ್ಸಲ್‌ನಲ್ಲಿ ಕೊರೆದ ಗಾಡಿಯೊಳಗೆ ಕೂರುವ ಬಾಯಿ ತೆರೆದ ಸ್ಪ್ರಿಂಗ್ ಬಳೆ, ಅಂದವಾದ ಕೆಲಸ, ಆದರೆ ಆ ಗಾಡಿ ಇದ್ದರೆ ಮಾತ್ರ. 16ಕ್ಕೆ ಗಾಡಿಯ ತಳ 15.2, ಅಗಲ 1.1 ಎಂಎಂ. ಲೇತ್ ಇಲ್ಲದೆ ಆಗದು, ಗರಗಸದಲ್ಲಿ ಗೀರಿ ಮಾಡಿದ ಗಾಡಿಯಲ್ಲಿ ಕ್ಲಿಪ್ ಓರೆಯಾಗಿ ಕೂತು ಹಾರಿಹೋಗುತ್ತದೆ. ಹಾಕುವಾಗ ಸರ್ಕ್ಲಿಪ್ ಪ್ಲೇಯರ್‌ನಿಂದ ಬೇಕಾದಷ್ಟೇ ಅಗಲಿಸಿ, ಚೂಪು ಅಂಚಿನ ಮೈ ಹೊರಗಡೆಗಿರಲಿ. ಕೂತಮೇಲೆ ಪ್ಲೇಯರ್‌ನಿಂದ ತಿರುಗಿಸಿದರೆ ಗಾಡಿಯಲ್ಲಿ ತಿರುಗಬೇಕು, ಆದರೆ ಬಿಗಿಯಾಗಿರಬೇಕು. ಬೆರಳಿಗೆ ಸಡಿಲ ಅನಿಸಿದ ಹಳೆಯ ಕ್ಲಿಪ್ ಸ್ಪ್ರಿಂಗ್ ಕಳೆದುಕೊಂಡಿದೆ ಎಂದೇ ಅರ್ಥ.

ಕೈಯಲ್ಲೇ ಕೀಳಬಹುದಾದ ಆರ್ ಪಿನ್ (ಇಂಗ್ಲಿಷ್ R ಆಕಾರದ ಸ್ಪ್ರಿಂಗ್ ಕಂಬಿ) ಕೂಡ ಸಿಗುತ್ತದೆ. ಸಂಜೆ ಗಾಲಿ ಬಿಚ್ಚಿ ಟ್ರಾಲಿಯನ್ನು ಕಾರಿನ ಡಿಕ್ಕಿಗೆ ಸೇರಿಸುವವರಿಗೆ ಅನುಕೂಲ. ಆದರೆ ಅದರ ಬಾಗಿದ ತಲೆ ಬಾಗಿಲ ಚೌಕಟ್ಟಿಗೋ ಚೀಲಕ್ಕೋ ತಗುಲಿದರೆ ತಾನೇ ಈಚೆ ಬರುತ್ತದೆ. ಅದನ್ನು ಹಾಕುವವರು ತಲೆಯನ್ನು ಟ್ರಾಲಿಯ ಹಿಂಭಾಗಕ್ಕೆ ತಿರುಗಿಸಿ ಇಡಲಿ.