ಆಲ್ಟರ್ ಟೇಬಲ್ ಕೊಡುವ ಮುಂಚೆ ಲಾಕ್ ಟೈಮ್‌ಔಟ್ ಹಾಕಿಕೊಳ್ಳಿ

ಟೇಬಲ್ಲಿನ ರಚನೆ ಬದಲಿಸುವ ಆಲ್ಟರ್ ಟೇಬಲ್ ಆದೇಶ ಕೊಟ್ಟು, ಆರ್ಡರ್ ಟೇಬಲ್‌ಗೆ ಒಂದೇ ಒಂದು ಕಾಲಂ ಸೇರಿಸಲು ಹೋಗಿ ಇಡೀ ಸೈಟು ನಿಂತುಹೋದ ಪ್ರಕರಣ ಇದು. ಡೇಟಾಬೇಸ್ ಪೋಸ್ಟ್‌ಗ್ರೆಸ್. 11ನೇ ಆವೃತ್ತಿಯಿಂದೀಚೆಗೆ ಸ್ಥಿರ ಡೀಫಾಲ್ಟ್ ಇಟ್ಟು ಕಾಲಂ ಸೇರಿಸಿದರೂ ಟೇಬಲ್ಲನ್ನು ಮತ್ತೆ ಬರೆಯುವುದಿಲ್ಲ, ಆದ್ದರಿಂದ ಟೇಬಲ್ ಎಷ್ಟೇ ದೊಡ್ಡದಿರಲಿ, ಕ್ಷಣಮಾತ್ರದ ಕೆಲಸ. ಟೆಸ್ಟ್ ಸರ್ವರ್‌ನಲ್ಲಿ ಹಾಗೇ ಆಗಿತ್ತು. ಪ್ರೊಡಕ್ಷನ್‌ನಲ್ಲಿ ಎಂಟರ್ ಒತ್ತಿದರೆ ಕರ್ಸರ್ ಮಿಣುಕುತ್ತಲೇ ಉಳಿಯಿತು.

ಯಾವ ಸೆಷನ್ ಏನು ಮಾಡುತ್ತಿದೆ ಎಂದು ತೋರಿಸುವ ಪಿಜಿ ಸ್ಟ್ಯಾಟ್ ಆಕ್ಟಿವಿಟಿ ತೆರೆದರೆ ಕಾರಣ ಕಾಣುತ್ತದೆ. ರಿಪೋರ್ಟ್ ತೆಗೆಯುವ ಒಂದು ಸೆಷನ್ ಬಿಗಿನ್ ಕೊಟ್ಟು, ಅದೇ ಟೇಬಲ್ ಮೇಲೆ ಸೆಲೆಕ್ಟ್ ಮಾಡಿ, ಕಮಿಟ್ ಮಾಡದೆ ಕೂತಿದೆ. ಸ್ಥಿತಿ: ಐಡಲ್ ಇನ್ ಟ್ರಾನ್ಸಾಕ್ಷನ್, ಅಂದರೆ ಟ್ರಾನ್ಸಾಕ್ಷನ್ ತೆರೆದಿಟ್ಟು ಸುಮ್ಮನೆ ಕೂತಿದೆ. ಸೆಲೆಕ್ಟ್ ಹಿಡಿಯುವ ಆಕ್ಸೆಸ್ ಶೇರ್ ಲಾಕ್ ತೀರಾ ಹಗುರವಾದದ್ದು, ಆದರೆ ಟ್ರಾನ್ಸಾಕ್ಷನ್ ಮುಗಿಯುವವರೆಗೆ ಬಿಡುವುದಿಲ್ಲ. ಆಲ್ಟರ್‌ಗೆ ಬೇಕಾದ್ದು ಆಕ್ಸೆಸ್ ಎಕ್ಸ್‌ಕ್ಲೂಸಿವ್, ಬೇರೆ ಯಾರೂ ಟೇಬಲ್ ಮುಟ್ಟದಂತೆ ತಡೆಯುವ ಲಾಕ್, ಹಾಗಾಗಿ ಅದು ಕಾಯುತ್ತದೆ. ಅಪಾಯ ಇರುವುದು ಈ ಕಾಯುವಿಕೆಯಲ್ಲೇ. ಆಮೇಲೆ ಬರುವ ಪ್ರತಿ ಸೆಲೆಕ್ಟೂ ಆಲ್ಟರ್‌ನ ಹಿಂದೆ ಸಾಲು ನಿಲ್ಲುತ್ತದೆ, ರಿಪೋರ್ಟ್ ಸೆಷನ್ ಜೊತೆ ಅದಕ್ಕೆ ಯಾವ ತಕರಾರೂ ಇಲ್ಲದಿದ್ದರೂ. ಮ್ಯಾಕ್ಸ್ ಕನೆಕ್ಷನ್ಸ್ ಡೀಫಾಲ್ಟ್ 100. ಬಿಜಿ ಸೈಟಿನಲ್ಲಿ ಅದು ತುಂಬಲು ಹೆಚ್ಚು ಹೊತ್ತು ಬೇಡ.

ಇಂಥ ಹೊತ್ತಿನಲ್ಲಿ ಎಲ್ಲರೂ ಮೊದಲು ಮಾಡುವುದು ಆ್ಯಪ್ ರೀಸ್ಟಾರ್ಟ್. ದಯವಿಟ್ಟು ಮಾಡಬೇಡಿ. ಲಾಕ್‌ಗೆ ಕಾಯುತ್ತಿರುವ ಬ್ಯಾಕೆಂಡ್‌ಗೆ (ಒಂದು ಕನೆಕ್ಷನ್ ನೋಡಿಕೊಳ್ಳುವ ಸರ್ವರ್ ಪ್ರೋಸೆಸ್) ಕ್ಲೈಂಟ್ ಹೋಗಿಬಿಟ್ಟದ್ದು ಡೀಫಾಲ್ಟ್ ಸೆಟ್ಟಿಂಗ್‌ನಲ್ಲಿ ಗೊತ್ತೇ ಆಗುವುದಿಲ್ಲ. ಹಳೆಯವು ಹಾಗೇ ಉಳಿದು, ಹೊಸ ಕನೆಕ್ಷನ್‌ಗಳು ಅವುಗಳ ಮೇಲೆ ಬಂದು ಬೀಳುತ್ತವೆ. ಮೊದಲು ಆ ಆಲ್ಟರ್ ಅನ್ನು ಕ್ಯಾನ್ಸಲ್ ಮಾಡಿ, ಸಾಲು ಕೂಡಲೇ ಕರಗುತ್ತದೆ. ಒಳಗೆ ಹೋಗಲು ಕನೆಕ್ಷನ್ನೇ ಸಿಗದಿದ್ದರೆ ಸೂಪರ್‌ಯೂಸರ್‌ಗೆಂದು 3 ಮೀಸಲಿರುತ್ತವೆ. ಆ್ಯಪ್‌ಗೆ ಸೂಪರ್‌ಯೂಸರ್ ಖಾತೆ ಕೊಟ್ಟಿದ್ದರೆ ಅದೂ ಹೋಯಿತು. ಮೂಲ ತಡೆ ಯಾವುದೆಂದು ಪಿಜಿ ಬ್ಲಾಕಿಂಗ್ ಪಿಡ್ಸ್ ಹೇಳುತ್ತದೆ. ಐಡಲ್ ಕೂತ ಸೆಷನ್‌ಗೆ ಪಿಜಿ ಕ್ಯಾನ್ಸಲ್ ಬ್ಯಾಕೆಂಡ್ ನಾಟುವುದಿಲ್ಲ, ನಿಲ್ಲಿಸಲು ಅಲ್ಲಿ ಕ್ವೆರಿಯೇ ಓಡುತ್ತಿಲ್ಲ. ಪಿಜಿ ಟರ್ಮಿನೇಟ್ ಬ್ಯಾಕೆಂಡ್ ಬೇಕು.

ಇದು ಮರುಕಳಿಸಬಾರದೆಂದರೆ ಮೈಗ್ರೇಷನ್ (ಟೇಬಲ್ ಬದಲಿಸುವ) ಸೆಷನ್‌ನಲ್ಲಿ ಮೊದಲು ಲಾಕ್ ಟೈಮ್‌ಔಟ್ 2 ಸೆಕೆಂಡ್ ಎಂದು ಸೆಟ್ ಮಾಡಿ. ಡೀಫಾಲ್ಟ್ 0, ಅಂದರೆ ಎಷ್ಟು ಹೊತ್ತಾದರೂ ಕಾಯುತ್ತದೆ. ಲಾಕ್ ಸಿಗದೆ ಫೇಲಾದರೆ ಸ್ವಲ್ಪ ಬಿಟ್ಟು ಮತ್ತೆ ಪ್ರಯತ್ನಿಸುವಂತೆ ಸ್ಕ್ರಿಪ್ಟ್ ಬರೆಯಿರಿ. ಆಲ್ಟರ್ ಎಷ್ಟು ಕಾಯುತ್ತದೋ ಬಳಕೆದಾರರೂ ಅಷ್ಟೇ ಕಾಯುತ್ತಾರೆ, ಆದ್ದರಿಂದ 30 ಸೆಕೆಂಡ್ ಇಡುವುದರಲ್ಲಿ ಅರ್ಥವಿಲ್ಲ. ಹೊಸ ಕಾಲಂಗೆ ಡೇಟಾ ತುಂಬುವ ಅಪ್‌ಡೇಟ್ ಅನ್ನು ಅದೇ ಟ್ರಾನ್ಸಾಕ್ಷನ್‌ನಲ್ಲಿ ಸೇರಿಸಬೇಡಿ. ಕಮಿಟ್ ಆಗುವವರೆಗೂ ಲಾಕ್ ಬಿಡದು. ಬೇರೆಯಾಗಿ, ಒಂದು ಸಲಕ್ಕೆ ಟೇಬಲ್ಲಿನ 5,000 ಸಾಲುಗಳಷ್ಟು (ರೋ) ತುಂಬಿ ಕಮಿಟ್ ಮಾಡುತ್ತ ಹೋಗಿ. ರಿಪೋರ್ಟ್ ಖಾತೆಗೆ ಐಡಲ್ ಇನ್ ಟ್ರಾನ್ಸಾಕ್ಷನ್ ಸೆಷನ್ ಟೈಮ್‌ಔಟ್ 5 ನಿಮಿಷ ಇಡಿ. ಲಾಕ್‌ಗೆ ಹೆಚ್ಚು ಹೊತ್ತು ಕಾದದ್ದನ್ನು ಲಾಗ್‌ನಲ್ಲಿ ಬರೆದಿಡುವ ಲಾಗ್ ಲಾಕ್ ವೇಟ್ಸ್ ಆನ್ ಇರಲಿ.

ಮೈಎಸ್‌ಕ್ಯುಎಲ್‌ನವರು ನಿಶ್ಚಿಂತೆಯಿಂದ ಇರಬೇಡಿ. ಅಲ್ಲಿ ಟೇಬಲ್ಲಿನ ರಚನೆಯನ್ನು ಕಾಯುವ ಮೆಟಾಡೇಟಾ ಲಾಕ್ ಇದೇ ಕಾಟ ಕೊಡುತ್ತದೆ. ಇನ್ನೊಡಿಬಿ ಲಾಕ್ ವೇಟ್ ಟೈಮ್‌ಔಟ್‌ನ 50 ಸೆಕೆಂಡ್ ಕಾಪಾಡುತ್ತದೆ ಎಂದು ನಂಬಿದವರಿದ್ದಾರೆ, ಆದರೆ ಅದು ಸಾಲುಗಳ ಲಾಕ್‌ಗೆ ಮಾತ್ರ. ಮೆಟಾಡೇಟಾ ಲಾಕ್‌ಗೆ ಅನ್ವಯಿಸುವುದು ಬೇರೆಯೇ ಸೆಟ್ಟಿಂಗ್, ಬರೀ ಲಾಕ್ ವೇಟ್ ಟೈಮ್‌ಔಟ್. ಅದರ ಡೀಫಾಲ್ಟ್ 31536000 ಸೆಕೆಂಡ್, ಅಂದರೆ ಪೂರ್ತಿ ಒಂದು ವರ್ಷ.