ಹರಳುಗಳ ಹೊಳಪು ನೋಡಲು 365 ನ್ಯಾನೋಮೀಟರ್ ಯುವಿ (ಅತಿನೇರಳೆ) ಟಾರ್ಚ್
ನಮ್ಮ ಲ್ಯಾಬಿನಲ್ಲಿ ಕಾಪರ್ ಅಯೋಡೈಡನ್ನು ಅಸಿಟೋನೈಟ್ರೈಲ್‌ನಲ್ಲಿ ಕರಗಿಸಿ, ಗಂಧಕವಿರುವ ಥಯೋಈಥರ್‌ಗಳ ಜೊತೆ ಬೆರೆಸಿ ಹರಳು ಬೆಳೆಸುತ್ತೇವೆ. ಅವು ಹೊಳೆಯುತ್ತವಾ ಅಂತ ನೋಡಲು ಈ ಟಾರ್ಚ್ ತರಿಸಿದೆ.

ಅಗ್ಗಕ್ಕೆ ಸಿಗುತ್ತದೆ ಅಂತ 395ರ ಟಾರ್ಚ್ ಕೊಳ್ಳಬೇಡಿ. ಅದರ ನೇರಳೆ ಬೆಳಕೇ ಜಾಸ್ತಿ, ಹರಳಿನ ನಿಜವಾದ ಬಣ್ಣ ಮುಚ್ಚಿಹೋಗುತ್ತದೆ. ಈ 365ರ ಟಾರ್ಚಿನ ಮುಂದಿರುವ ಕಪ್ಪು ಫಿಲ್ಟರ್ ಗಾಜು ಆ ಬೆಳಕನ್ನು ತಡೆಯುತ್ತದೆ. ಹರಳುಗಳಲ್ಲಿ ನಾಲ್ಕು ತಾಮ್ರ, ನಾಲ್ಕು ಅಯೋಡೈಡ್ ಸೇರಿದ ಗೊಂಚಲುಗಳು ಗಂಧಕದ ಕೊಂಡಿ ಹಿಡಿದು ಸರಪಳಿಯಾಗುತ್ತವೆ ಅಲ್ವಾ, ಅವುಗಳಿಂದ ಬರುವ ಹಳದಿ ಬೆಳಕು ಎಷ್ಟು ಚೆಂದ! ಹಗಲಲ್ಲಿ ನೋಡಿದರೆ ಸುಮ್ನೆ ಬಿಳಿ ಪುಡಿ. ದ್ರವ ಸಾರಜನಕದಲ್ಲಿ ತಣಿಸಿದಾಗ ಕೆಲವು ಹರಳುಗಳ ಬಣ್ಣ ಬದಲಾಗುವುದೂ ಸ್ಪಷ್ಟವಾಗಿ ಕಾಣುತ್ತದೆ.

ಟಾರ್ಚ್ ಬೇಗ ಬಿಸಿಯಾಗುತ್ತದೆ, ಅದೊಂದೇ ಕೊರತೆ. ಯುವಿ ತಡೆಯುವ ಕನ್ನಡಕವಿಲ್ಲದೆ ಮಾತ್ರ ಬಳಸಬೇಡಿ.